ಸೊಂಟದ ಚೀಲದ ಕಿಟ್: ಕ್ಯಾನ್ವಾಸ್ ಗಟ್ಟಿ, ಜಿಪ್ ಪುಸಕ್ಕು

ಬೆಲ್ಟ್ ಬ್ಯಾಗಿಗೆ ಬೇಕಾದದ್ದನ್ನೆಲ್ಲ ಕತ್ತರಿಸಿ ಒಂದೇ ಪೊಟ್ಟಣದಲ್ಲಿ ಹಾಕಿ ಆನ್‌ಲೈನಿನಲ್ಲಿ ಮಾರುವ ಕಿಟ್‌ಗಳಲ್ಲಿ ಇದೂ ಒಂದು. ಒಳಗಿರುವುದು ಇಷ್ಟು: 24×18 ಸೆಂ.ಮೀ. ಕ್ಯಾನ್ವಾಸ್ ಎರಡು ತುಂಡು, ಅದೇ ಅಳತೆಯ ಲೈನಿಂಗ್ ಎರಡು, ಬೆಲ್ಟು ಹಿಡಿಯುವ ಪಕ್ಕದ ಕಿವಿಗಳಿಗೆ ನಾಲ್ಕು ಸಣ್ಣ ತುಂಡು, ಜಿಪ್, ಒಂದು ಮೀಟರ್ ಪಟ್ಟಿ, ಬಕಲ್, ಪಟ್ಟಿಯ ಉದ್ದ ಹೊಂದಿಸುವ ಸ್ಲೈಡರ್. ಸೂಜಿ, ದಾರ ನಿಮ್ಮದೇ. ಸುತ್ತ 1 ಸೆಂ.ಮೀ. ಮಾರ್ಜಿನ್ ಬಿಟ್ಟು ಹೊಲಿದರೆ 14 ಸೆಂ.ಮೀ. ಎತ್ತರ, 18×4 ತಳದ ಚೀಲ ಆಗುತ್ತದೆ. ಫೋನು, ಪರ್ಸು, ಬೀಗದ ಕೈ ಹಿಡಿಸುತ್ತವೆ; ನೀರಿನ ಬಾಟಲಿಯ ಆಸೆ ಬೇಡ.

ಕ್ಯಾನ್ವಾಸ್ ವಿಷಯದಲ್ಲಿ ದೂರಿಲ್ಲ. 10 ಔನ್ಸಿನದು, ಅಂದರೆ ಚದರ ಮೀಟರಿಗೆ ಸುಮಾರು 340 ಗ್ರಾಂ. ಮನೆಯ ಮೆಷಿನ್ ತಡೆದುಕೊಳ್ಳುವ ದಪ್ಪ ಇದು. ಆದರೆ ನೀರು ಕಾಣದ ಹತ್ತಿ ಬಟ್ಟೆ, ಒಗೆದರೆ ಕುಗ್ಗುತ್ತದೆ, ಅದೂ ಉದ್ದಕ್ಕೊಂದು ಅಗಲಕ್ಕೊಂದು ಲೆಕ್ಕದಲ್ಲಿ. ಹೊಲಿಯುವ ಮೊದಲೇ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿ, ಆರಿದ ಮೇಲೆ ಮತ್ತೆ ಅಳೆಯಿರಿ. ಎರಡು ತುಂಡಿಗೂ ಎರಡು ಮೂರು ಮಿ.ಮೀ. ವ್ಯತ್ಯಾಸ ಬಂದಿದ್ದರೆ ದೊಡ್ಡದನ್ನು ಸಣ್ಣದಕ್ಕೆ ಸರಿಯಾಗಿ ಕತ್ತರಿಸಿ, ಲೈನಿಂಗನ್ನೂ ಅದಕ್ಕೇ ಹೊಂದಿಸಿ.

ಜಿಪ್ ಮಾತ್ರ ದಂಡ. ಕೊಟ್ಟಿರುವುದು 3ನೇ ನಂಬರಿನದು, ಪ್ಯಾಂಟಿಗೋ ದಿಂಬಿನ ಕವರಿಗೋ ಹಾಕುವಂಥದ್ದು. ದಿನಕ್ಕೆ ಹತ್ತಾರು ಸಲ ಒಂದೇ ಕೈಯಲ್ಲಿ ಎಳೆಯುವ ಚೀಲಕ್ಕೆ ಅದು ಸಾಲದು: ರನ್ನರ್ ಸಡಿಲವಾಗಿ, ಎಳೆದ ಹಿಂದೆಯೇ ಹಲ್ಲು ಬಿಚ್ಚಿಕೊಳ್ಳುತ್ತದೆ. 5ನೇ ನಂಬರಿನ ನೈಲಾನ್ ಜಿಪ್ ಹಾಕಿ. ಬೆಂಗಳೂರಿನಲ್ಲಿ ಚಿಕ್ಕಪೇಟೆ, ನಗರ್ತಪೇಟೆಯ ಟೈಲರಿಂಗ್ ಸಾಮಾನಿನ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಬೇರೆ ಊರಾದರೆ ಬ್ಯಾಗ್ ರಿಪೇರಿಯವರನ್ನು ಕೇಳಿ. ಜಿಪ್ಪು, ರನ್ನರ್ರು, ಬಕಲ್ಲು ಮೂರೂ ಅವರ ಬಳಿ ಇರುತ್ತವೆ.

ಕಿಟ್ಟಿನ ಸೂಚನಾ ಹಾಳೆಯಲ್ಲಿ ಸೂಜಿಯ ಮಾತೇ ಇಲ್ಲ. ಬ್ಲೌಸಿಗೆ ಹಾಕಿದ 11ನೇ ನಂಬರಿನ ಸೂಜಿಯಲ್ಲೇ ಶುರುಮಾಡಿದರೆ ಅದು ಬಾಗುತ್ತದೆ, ಹೊಲಿಗೆ ಹಾರುತ್ತದೆ, ಕೊನೆಗೆ ಮುರಿಯುತ್ತದೆ. 16ನೇ ನಂಬರಿನ ಹೊಸ ಸೂಜಿ ಬೇಕು, ಜೀನ್ಸಿನದಾದರೆ ಇನ್ನೂ ಒಳ್ಳೆಯದು. ದಾರ ಪಾಲಿಯೆಸ್ಟರಿನದು, ಮೇಲೂ ಬಾಬಿನ್ನಿಗೂ ಒಂದೇ. ಹೊಲಿಗೆಯ ಉದ್ದ 3ರಿಂದ 3.5 ಮಿ.ಮೀ. ಇರಲಿ, ತೀರಾ ಚಿಕ್ಕದಾದರೆ ದಪ್ಪ ಜಾಗದಲ್ಲಿ ಬಟ್ಟೆ ಮುಂದಕ್ಕೆ ಸರಿಯದೆ ಸೂಜಿ ಒಂದೇ ಕಡೆ ಚುಚ್ಚುತ್ತದೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಕಿವಿಯ ಗುರುತಿನಲ್ಲಿದೆ. ಕಿವಿಯನ್ನು ಮೇಲಂಚಿಗೇ ತಾಗಿಸಿ ಕೂರಿಸಲು ಹಾಳೆ ಹೇಳುತ್ತದೆ. ಜಿಪ್ಪಿನ ತುದಿಯೂ ಅಲ್ಲೇ ಬರುತ್ತದೆ. ಹೊರಬಟ್ಟೆ ಎರಡು ಪದರ, ತಿರುಗಿಸಿದ ಕಿವಿಯ ಅಂಚಿನಲ್ಲಿ ನಾಲ್ಕು, ಅದರ ಮೇಲೆ ಜಿಪ್ಪಿನ ಪಟ್ಟಿ. ಯಾವ ಮನೆ ಮೆಷಿನ್ನೂ ಅಲ್ಲಿ ಸಲೀಸಾಗಿ ಹತ್ತುವುದಿಲ್ಲ. ಜಿಪ್ ಹೊಲಿಗೆಯಿಂದ 2 ಸೆಂ.ಮೀ. ಕೆಳಗೆ ಕಿವಿ ಕೂರಿಸಿದರೆ ದಪ್ಪ ಎರಡು ಕಡೆ ಹಂಚಿಹೋಗುತ್ತದೆ. ಆಗಲೂ ಆರು ಪದರ ಇದ್ದೇ ಇದೆ. ಕಿವಿಯ ಅಂಚನ್ನು ಸುತ್ತಿಗೆಯಿಂದ ಬಟ್ಟೆ ಮುಚ್ಚಿ ತಟ್ಟಿ ಚಪ್ಪಟೆ ಮಾಡಿ, ಆ ಜಾಗದಲ್ಲಿ ಮೋಟಾರ್ ಬಿಟ್ಟು ಚಕ್ರವನ್ನು ಕೈಯಲ್ಲೇ ತಿರುಗಿಸಿ. ಬಟ್ಟೆ ಒತ್ತಿಹಿಡಿಯುವ ಫುಟ್ ಮುಂದೆ ಎದ್ದು ನಿಂತರೆ ಅದರ ಹಿಂಬದಿಗೆ ಮಡಿಸಿದ ರಟ್ಟು ಕೊಟ್ಟು ಸಮ ಮಾಡಿ. ಹಳೆಯ ಕಪ್ಪು ಕಾಲ್ತುಳಿತದ ಮೆಷಿನ್ ಮನೆಯಲ್ಲಿದ್ದರೆ ಈ ಕೆಲಸಕ್ಕೆ ಅದನ್ನೇ ಹೊರತೆಗೆಯಿರಿ.

ಉಳಿದ ಕ್ರಮ ಒಂದು ಸಾಲು ಬಿಟ್ಟರೆ ಸರಿಯಾಗಿದೆ. ಮೊದಲು ಜಿಪ್ಪಿನ ಎರಡೂ ಬದಿಗೆ ಹೊರಬಟ್ಟೆ, ಲೈನಿಂಗ್ ಸೇರಿಸಿ ಮೇಲೊಂದು ಹೊಲಿಗೆ. ಇದನ್ನು ಬಿಟ್ಟರೆ ಲೈನಿಂಗ್ ರನ್ನರಿಗೆ ಸಿಕ್ಕಿಕೊಳ್ಳುತ್ತದೆ. ನಂತರ ಕೆಳಗಿನ ಮೂಲೆಗಳಲ್ಲಿ 2×2 ಸೆಂ.ಮೀ. ಚೌಕ ಕತ್ತರಿಸಿ. ಕಿವಿಗಳು ಒಳಮುಖವಾಗಿ, ಹೊರಬಟ್ಟೆಯ ಎರಡು ತುಂಡಿನ ನಡುವೆ ಇರಲಿ. ಪಕ್ಕ, ತಳ ಹೊಲಿದ ಮೇಲೆ ಮೂಲೆ ಹೊಲಿಯಿರಿ. ಚೀಲ ತಿರುಗಿಸಲು ಲೈನಿಂಗಿನ ತಳದಲ್ಲಿ 10 ಸೆಂ.ಮೀ. ಬಾಯಿ ಬಿಡಬೇಕು. ಪಕ್ಕ ಹೊಲಿಯುವ ಮೊದಲು ಜಿಪ್ಪನ್ನು ಅರ್ಧ ತೆರೆದಿಡಬೇಕು. ಹಾಳೆ ಇದನ್ನು ಕೊನೆಯ ಸಾಲಿನಲ್ಲಿ ಹೇಳುತ್ತದೆ, ಅಷ್ಟು ಹೊತ್ತಿಗೆ ಮುಚ್ಚಿದ ಜಿಪ್ ಒಳಗೆ ಸಿಕ್ಕಿಬಿದ್ದು ಚೀಲ ತಿರುಗಿಸಲಾಗದೆ ಹೊಲಿಗೆ ಬಿಚ್ಚುವ ಪಾಡು.

ಪಟ್ಟಿ 25 ಮಿ.ಮೀ. ಅಗಲದ ತೆಳು ಪಾಲಿಪ್ರೊಪಿಲೀನ್. ಸ್ಲೈಡರಿನಲ್ಲಿ ಹಾಕಿ ಜಗ್ಗಿದರೆ ಜಾರುತ್ತದೆ. ಒಂದು ಮೀಟರ್ ಸೊಂಟಕ್ಕೆ ಬಿಗಿಯಾಗಿ ಸಾಕು, ಹೆಗಲಿಗೆ ಅಡ್ಡವಾಗಿ ಹಾಕಿಕೊಳ್ಳುವವರಿಗೆ 130 ಸೆಂ.ಮೀ. ಬೇಕು. ಅದೇ ಅಗಲದ, ದಪ್ಪ ನೇಯ್ಗೆಯ ಪಟ್ಟಿ ಬೇರೆ ತನ್ನಿ; 38 ಮಿ.ಮೀ.ನದು ತಂದರೆ ಬಕಲ್, ಸ್ಲೈಡರ್ ಎರಡನ್ನೂ ಬದಲಿಸಬೇಕಾಗುತ್ತದೆ. ತುದಿಗಳನ್ನು ಮೇಣದಬತ್ತಿಗೆ ಹಿಡಿದು ಕರಗಿಸಿ, ಹತ್ತಿಯದಾದರೆ ಮಡಿಸಿ ಹೊಲಿಯಿರಿ. ಬಕಲ್ಲಿನ ಒಂದು ಅರ್ಧಕ್ಕೆ 15 ಸೆಂ.ಮೀ. ಪಟ್ಟಿ ಕಾಯಂ, ಉದ್ದ ಪಟ್ಟಿಗೆ ಸ್ಲೈಡರ್. ಪಟ್ಟಿ ಕಿವಿಯೊಳಗೆ ಹೋಗುವ ಜಾಗಕ್ಕೆ ಚೌಕವಾಗಿ ಹೊಲಿಗೆ ಹೊಡೆದು ಅದರೊಳಗೆ ಮೂಲೆಯಿಂದ ಮೂಲೆಗೆ ಗೆರೆ ಎರಡು. ಫೋನಿನ ಭಾರ ನಿಲ್ಲುವುದು ಆ ಚೌಕದ ಮೇಲೆ, ಬಾಬಿನ್ ದಾರ ಮಧ್ಯದಲ್ಲಿ ಮುಗಿಯದಂತೆ ಮೊದಲೇ ನೋಡಿಕೊಳ್ಳಿ.