ದಾವಣಗೆರೆಯವರೇ, ಜಿಮ್‌ಗೆ ದುಡ್ಡು ಕಟ್ಟುವ ಮೊದಲು ಮಷಿನ್‌ನ ಪಿನ್ ನೋಡಿ

ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಇದನ್ನು ಬರೆಯುತ್ತಿದ್ದೇನೆ. ಇಷ್ಟು ದಿನ ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಆದರೆ ಇನ್ನೊಬ್ಬರಿಗೆ ಹೀಗಾಗಬಾರದು.

ನನಗೆ 43 ವರ್ಷ, ಮನೆ ನಿಟುವಳ್ಳಿಯಲ್ಲಿ. ಶುಗರ್ ಶುರುವಾಗಿದೆ. ವಾಕಿಂಗ್ ಜೊತೆ ಸ್ವಲ್ಪ ತೂಕ ಎತ್ತುವ ವ್ಯಾಯಾಮವೂ ಬೇಕು ಎಂದರು ಡಾಕ್ಟರ್. ಯುಗಾದಿ ಆಫರ್ ಅಂತ ಬೋರ್ಡ್ ಹಾಕಿದ್ದ ಒಂದು ಜಿಮ್‌ಗೆ ವರ್ಷದ 9,000 ರೂಪಾಯಿ ಒಂದೇ ಸಲ ಕಟ್ಟಿದೆ. ದುಡ್ಡು ಮಾಲೀಕನ ಸ್ವಂತ ನಂಬರ್‌ಗೆ ಹೋಯಿತು. ಬಿಲ್ ಕೇಳಿದರೆ "ನಾಳೆ ಕೊಡ್ತೀನಿ ಮೇಡಂ" ಅಂದ. ಇವತ್ತಿಗೂ ಕೊಟ್ಟಿಲ್ಲ.

ಮೂರನೇ ದಿನ ಟ್ರೈನರ್ ಹುಡುಗ ನನ್ನನ್ನು ಲೆಗ್ ಎಕ್ಸ್‌ಟೆನ್ಷನ್ ಮಷಿನ್ ಮೇಲೆ ಕೂರಿಸಿದ. ಕೂತಲ್ಲೇ ಕಾಲನ್ನು ಮುಂದಕ್ಕೆ ಎತ್ತುತ್ತೀವಲ್ಲ, ಅದು. ಸೀಟ್ ಹಿಂದೆ ಮುಂದೆ ಮಾಡಲೇ ಇಲ್ಲ. ಮಷಿನ್ ತಿರುಗುವ ಕೀಲು, ನಮ್ಮ ಮೊಣಕಾಲು ಎರಡೂ ಒಂದೇ ನೇರಕ್ಕೆ ಇರಬೇಕು. ಇದು ನನಗೆ ಫಿಸಿಯೋಥೆರಪಿಗೆ ಹೋದಾಗ ಗೊತ್ತಾಯಿತು. ಸೀದಾ 40 ಕೆಜಿ ಇಟ್ಟ. "ಕಡಿಮೆ ಇಡಪ್ಪ, ನನಗೆ ಹೊಸದು" ಅಂದೆ. "ಏನಾಗಲ್ಲ ಮೇಡಂ, ಇಷ್ಟಾದ್ರೂ ಎತ್ತದಿದ್ರೆ ರಿಸಲ್ಟ್ ಬರಲ್ಲ" ಅಂತ ಹೇಳಿ ಫೋನ್ ನೋಡುತ್ತಾ ನಿಂತ.

ಎಷ್ಟು ತೂಕ ಎತ್ತಬೇಕೋ ಅಷ್ಟು ಪ್ಲೇಟ್‌ಗಳನ್ನು ಹಿಡಿದುಕೊಳ್ಳಲಿ ಅಂತ ಪ್ಲೇಟ್‌ಗಳ ತೂತಿಗೆ ಒಂದು ಪಿನ್ ಹಾಕ್ತಾರೆ ಅಲ್ವಾ? ಅಲ್ಲಿ ಪಿನ್ ಇರಲಿಲ್ಲ. ಯಾವುದೋ ಉದ್ದನೆಯ ಬೋಲ್ಟ್ ತುರುಕಿದ್ದರು. ನಾನು ಅದನ್ನು ನೋಡಿದೆ. ನೋಡಿಯೂ ಸುಮ್ನೆ ಕೂತೆ. ಇವರಿಗೆ ಗೊತ್ತಿರುತ್ತೆ ಬಿಡು ಅಂದುಕೊಂಡೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಏಳನೇ ಸಲವೋ ಎಂಟನೇ ಸಲವೋ ಕಾಲು ಅರ್ಧ ಎತ್ತಿದ್ದೆ. ಬೋಲ್ಟ್ ಜಾರಿತು. ಪ್ಲೇಟ್‌ಗಳು ಧಡಾರ್ ಎಂದು ಬಿದ್ದವು. ಭಾರ ಒಮ್ಮೆಲೇ ಇಲ್ಲವಾಗಿ ಕಾಲು ಮೇಲಕ್ಕೆ ಚಿಮ್ಮಿತು. ಮೊಣಕಾಲ ಒಳಗೆ ಚಳಕ್ ಅಂತು. ಎಲ್ಲರೂ ತಿರುಗಿ ನೋಡುತ್ತಿದ್ದರು. ನನಗೆ ಎದ್ದೇಳಲು ಆಗಲಿಲ್ಲ. ಲಿಗಮೆಂಟ್ ಎಳೆದಿದೆ, ಮೂರು ವಾರ ರೆಸ್ಟ್ ಎಂದರು ಡಾಕ್ಟರ್.

ಮಾಲೀಕನಿಗೆ ಫೋನ್ ಮಾಡಿದೆ. ಮೊದಲ ಮಾತೇ "ನೀವು ಪಿನ್ ನೋಡ್ಕೋಬೇಕಿತ್ತು ಮೇಡಂ." ಪಿನ್ ಎಲ್ಲಿತ್ತು ಸ್ವಾಮಿ, ಇದ್ದದ್ದು ಬೋಲ್ಟ್ ಅಲ್ವಾ ಅಂದೆ. ಅದಕ್ಕೆ ಏನಂದ ಗೊತ್ತಾ? "ಆ ಬೋಲ್ಟ್ ಆರು ತಿಂಗಳಿಂದ ಇದೆ, ಇಲ್ಲಿವರೆಗೆ ಯಾರಿಗೂ ಏನೂ ಆಗಿಲ್ಲ."

ಆರು ತಿಂಗಳಿಂದ! ಅಂದರೆ ಗೊತ್ತಿತ್ತು. ಗೊತ್ತಿದ್ದೇ ನನ್ನನ್ನು ಅದರ ಮೇಲೆ ಕೂರಿಸಿದರು. ನಾನು ಮೋಸ ಹೋದೆ ಅನ್ನಿಸಿದ್ದು ಕಾಲು ನೋವಾದಾಗ ಅಲ್ಲ, ಈ ಮಾತು ಕೇಳಿದಾಗ. ದುಡ್ಡು ವಾಪಸ್ ಕೇಳಿದೆ. "ಫಾರ್ಮ್‌ಗೆ ಸೈನ್ ಹಾಕಿದ್ದೀರಿ. ಬೇಕಿದ್ರೆ ಎರಡು ತಿಂಗಳು ಜಾಸ್ತಿ ಬನ್ನಿ" ಅಂದ. ಎರಡು ತಿಂಗಳು ಜಾಸ್ತಿ! ಅದೇ ಮಷಿನ್‌ಗೆ!

ದಯವಿಟ್ಟು ಕೇಳಿ. ಬಿಲ್ ಇಲ್ಲದೆ ಒಂದು ರೂಪಾಯಿ ಕೊಡಬೇಡಿ. ಮೊದಲು ಒಂದು ತಿಂಗಳಿಗೆ ಮಾತ್ರ ಕಟ್ಟಿ. ಕೂರುವ ಮುನ್ನ ಪಿನ್ ಪೂರ್ತಿ ಒಳಗೆ ಹೋಗಿದೆಯಾ, ಕೇಬಲ್‌ನ ಎಳೆ ಬಿಚ್ಚಿಕೊಂಡಿದೆಯಾ ನೋಡಿ. 10-12 ಸಲ ಆರಾಮಾಗಿ ಎತ್ತಲು ಆಗುವಷ್ಟು ತೂಕದಿಂದ ಶುರು ಮಾಡಿ. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ನಿಧಾನ. ಟ್ರೈನರ್ ಎಷ್ಟೇ ಒತ್ತಾಯ ಮಾಡಲಿ, ಬೇಡ ಅನ್ನಿಸಿದರೆ ಎದ್ದು ಬನ್ನಿ. ನಾನು ಎದ್ದು ಬರಲಿಲ್ಲ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ. ಬಿಲ್ ಇಲ್ಲದಿದ್ದರೂ ದುಡ್ಡು ಹಾಕಿದ ಮೆಸೇಜ್ ನನ್ನ ಹತ್ತಿರ ಇದೆ.

ನಿನ್ನೆ ನನ್ನ ತಮ್ಮ ಆ ಜಿಮ್‌ಗೆ ಹೋಗಿ ನೋಡಿಕೊಂಡು ಬಂದ. ಬೋಲ್ಟ್ ಅಲ್ಲೇ ಇದೆಯಂತೆ. ಕಾಲೇಜು ಹುಡುಗನೊಬ್ಬ ಅದರಲ್ಲಿ ಕಾಲು ಎತ್ತುತ್ತಿದ್ದನಂತೆ.