ಶೇರ್ಡ್ ಹೋಸ್ಟಿಂಗಲ್ಲಿ ಪೈಥಾನ್ ಸೈಟ್, ಒಂದು ವರ್ಷ ಬಳಸಿದ್ಮೇಲೆ
ಸೋಮವಾರಪೇಟೆ ಹತ್ರ ನಮ್ಮಣ್ಣನ ಹೋಂಸ್ಟೇಗೆ ಬುಕಿಂಗ್ ಸೈಟ್ ಬೇಕಿತ್ತು, ಫ್ಲಾಸ್ಕಲ್ಲಿ (ಪೈಥಾನಲ್ಲಿ ವೆಬ್‌ಸೈಟ್ ಮಾಡೋ ಫ್ರೇಮ್‌ವರ್ಕ್) ಬರ್ದು ಕಮ್ಮಿ ರೇಟಿನ ಶೇರ್ಡ್ ಹೋಸ್ಟಿಂಗ್ (ಒಂದೇ ಸರ್ವರನ್ನ ಹಲವು ಸೈಟ್‌ಗಳು ಹಂಚ್ಕೊಳ್ಳೋದು) ತಗೊಂಡೆ. ಸಿಪ್ಯಾನೆಲ್‌ನಲ್ಲಿ (ಹೋಸ್ಟಿಂಗ್ ನೋಡ್ಕೊಳ್ಳೋ ಕಂಟ್ರೋಲ್ ಪ್ಯಾನೆಲ್) 'ಸೆಟಪ್ ಪೈಥಾನ್ ಆಪ್' ಒತ್ತಿದ್ರೆ ಅದೇ ವರ್ಚುವಲ್ ಎನ್ವಿರಾನ್ಮೆಂಟ್ (ನಮ್ಮ ಆಪ್‌ಗೇ ಅಂತ ಪ್ರತ್ಯೇಕ ಪೈಥಾನ್ ಜಾಗ) ಮಾಡ್ಕೊಡುತ್ತೆ, ಪ್ಯಾಸೆಂಜರ್ (ಸರ್ವರಲ್ಲಿ ಆಪನ್ನ ಓಡಿಸೋ ಸಾಫ್ಟ್‌ವೇರ್) ಫೈಲಲ್ಲಿ ನಮ್ಮ ಆಪನ್ನ 'ಅಪ್ಲಿಕೇಶನ್' ಅನ್ನೋ ಹೆಸರಲ್ಲಿ ಇಂಪೋರ್ಟ್ ಮಾಡಿದ್ರೆ ಸೈಟ್ ಓಪನ್. ನಿಜವಾಗ್ಲೂ ಖುಷಿ ಆಯ್ತು.

ಒದ್ದಾಡಿದ್ದು ಪ್ಯಾಕೇಜ್ (ಬೇರೆಯವ್ರು ಬರ್ದಿಟ್ಟ ರೆಡಿ ಕೋಡ್) ಹಾಕೋದ್ರಲ್ಲಿ, ಅದಕ್ಕೆ ಪಿಪ್ ಅನ್ನೋ ಟೂಲ್ ಬಳಸ್ತೀವಿ. ಈ ಸರ್ವರಲ್ಲಿ ಸಿ ಕೋಡನ್ನ ಬಿಲ್ಡ್ ಮಾಡೋ ಸಿ ಕಂಪೈಲರ್ ಕೊಡಲ್ಲ, ಪಿಪ್ ಇನ್‌ಸ್ಟಾಲ್ ಕೊಟ್ರೆ ಬರೀ ಎರರ್, ಜುಲೈ ಮಳೇಲಿ ಕರೆಂಟ್ ಬೇರೆ ಇಲ್ಲ, ಎರಡು ರಾತ್ರಿ ಹೋಯ್ತು, ಸಪೋರ್ಟ್‌ನವ್ರು ಮೂರು ದಿನ ಬಿಟ್ಟು ಉತ್ರ ಕೊಟ್ರು. ಆಮೇಲೆ ನೋಡಿದ್ರೆ ಅಲ್ಲಿನ ಪಿಪ್ಪೇ ಹಳೇದು! 20.3ಕ್ಕಿಂತ ಹಳೇ ಪಿಪ್‌ಗೆ ಹೊಸ ಹೆಸರಿನ ಮೆನಿಲಿನಕ್ಸ್ ವೀಲ್‌ಗಳು (ಲಿನಕ್ಸ್‌ಗೆ ಮೊದ್ಲೇ ಬಿಲ್ಡ್ ಮಾಡಿಟ್ಟ ಪ್ಯಾಕೇಜ್) ಗೊತ್ತಾಗಲ್ಲ, ಅದ್ಕೇ ಸೋರ್ಸ್ ಕೋಡ್ ಎಳ್ಕೊಂಡು ಬಿಲ್ಡ್ ಮಾಡೋಕೆ ಹೋಗುತ್ತೆ, ಕಂಪೈಲರ್ ಇಲ್ದೆ ಎರರ್ ಬರುತ್ತೆ. ದಯವಿಟ್ಟು ಮೊದ್ಲು ಪಿಪ್ ಅಪ್‌ಗ್ರೇಡ್ ಮಾಡಿ.

ಕೋಡ್ ಬದಲಾಯಿಸಿದ್ರೆ ರೀಸ್ಟಾರ್ಟ್ ಮರೀಬೇಡಿ, ಇಲ್ಲಾಂದ್ರೆ ಹಳೇದೇ ಓಡ್ತಿರುತ್ತೆ. ಸ್ವಲ್ಪ ಹೊತ್ತು ಯಾರೂ ಬರ್ಲಿಲ್ಲ ಅಂದ್ರೆ ಪ್ಯಾಸೆಂಜರ್ ಆಪನ್ನ ನಿಲ್ಲಿಸಿಬಿಡುತ್ತೆ, ಆಮೇಲೆ ಬಂದವ್ರಿಗೆ ಮೊದಲ ಪೇಜ್ ನಿಧಾನ. ನಾಲ್ಕು ರೂಮಿನ ಹೋಂಸ್ಟೇಗೆ ಧಾರಾಳ ಸಾಕು, ಲೈವ್ ಚಾಟ್ ಥರದ್ದು ಬೇಕಿದ್ರೆ ವಿಪಿಎಸ್ಸೇ (ನಮಗೇ ಅಂತ ಪ್ರತ್ಯೇಕ ಕೊಡೋ ವರ್ಚುವಲ್ ಸರ್ವರ್) ತಗೊಳ್ಳಿ.