ಸುಡುಬಿಸಿಲಿನಲ್ಲಿ ಬಂದಿಳಿದ ಸಸಿಗಳಿಗೆ ಯಾವ ನೆರಳು: ಮೂರು ವಿಧಾನಗಳ ಹೋಲಿಕೆ

ಕಳೆದ ಬೇಸಿಗೆಯಲ್ಲಿ ಪೆಟ್ಟಿಗೆಯಲ್ಲಿ ಬಂದ 12 ದಾಸವಾಳದ ಸಸಿಗಳನ್ನು ನಾಲ್ಕು ನಾಲ್ಕರಂತೆ ವಿಂಗಡಿಸಿ, ಒಂದು ಗುಂಪನ್ನು ಮರದ ನೆರಳಿನಲ್ಲಿಯೂ ಇನ್ನೊಂದನ್ನು ಅರ್ಧದಷ್ಟು ಬಿಸಿಲನ್ನು ತಡೆಯುವ ಶೇಕಡ 50ರ ನೆರಳು ಪರದೆಯ ಅಡಿಯಲ್ಲಿಯೂ ಮತ್ತೊಂದನ್ನು ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆಯೊಳಗೂ ಇರಿಸಿ ಎರಡು ವಾರ ಗಮನಿಸಿದೆ. ಕೆಲವು ದಿನ ಕತ್ತಲಲ್ಲಿದ್ದ ಎಲೆಗಳಿಗೆ ಬಿಸಿಲಿನ ಒಗ್ಗಿಕೆ ತಪ್ಪಿರುತ್ತದೆ. ಪ್ರಯಾಣದ ಅಲುಗಾಟಕ್ಕೆ ಸಣ್ಣ ಬೇರುಗಳು ಹರಿದಿದ್ದರಂತೂ ಎಲೆಗಳು ಆವಿಯಾಗಿ ಬಿಡುವಷ್ಟು ನೀರನ್ನು ಬೇರುಗಳು ಒದಗಿಸಲಾರವು. ನೆರಳು ಬೇಕಾಗುವುದು ಈ ಕಾರಣಕ್ಕೆ.

ಪ್ಲಾಸ್ಟಿಕ್ ಹೊದಿಕೆಯು ತೇವವನ್ನು ಹಿಡಿದಿಡುತ್ತದೆ ಎಂಬ ಮಾತು ನಿಜವಾದರೂ, ಬೆಳಗಿನ ಬಿಸಿಲು ತುಸು ತಾಗಿದರೂ ಒಳಗಿನ ಗಾಳಿ ಕುದಿಯುವಂತಾಗುತ್ತದೆ. ಎರಡನೆಯ ದಿನವೇ ಎರಡು ಸಸಿಗಳ ಎಲೆಯಂಚು ಸುಟ್ಟಿತು. ನಾನು ಹೊದಿಕೆಯನ್ನು ತೆಗೆದುಬಿಟ್ಟೆ. ಬೇರಿಲ್ಲದ ಕಡ್ಡಿಗಳನ್ನು ಪೂರ್ಣ ನೆರಳಿನಲ್ಲಿ ಚಿಗುರಿಸಲು ಮಾತ್ರ ಅದು ತಕ್ಕುದು.

ನೆರಳು ಪರದೆಯ ವಿಷಯದಲ್ಲಿ ನಾನು ಕಲಿತದ್ದು ಹೆಚ್ಚು. ಮೊದಲು ಪರದೆಯನ್ನು ಸಸಿಗಳ ಮೇಲೆಯೇ ಹಾಸಿದ್ದರಿಂದ ಬಟ್ಟೆಗೆ ತಾಗಿದ ಎಲೆಗಳು ಒಣಗಿದವು. ಕಂಬ ನೆಟ್ಟು ಎರಡು ಅಡಿ ಮೇಲಕ್ಕೆ ಎತ್ತಿ ಕಟ್ಟಿದ ಮೇಲೆ, ನಡುವೆ ಗಾಳಿಯಾಡಿ ಆ ತೊಂದರೆ ನಿಂತಿತು. ಆದರೂ ಸಸಿಗಳು ಸೊರಗುತ್ತಿದ್ದವು. ಒಂದನ್ನು ಚೀಲದಿಂದ ಬಿಡಿಸಿ ನೋಡಿದಾಗ ಪಶ್ಚಿಮದ ಬದಿಯ ಬೇರುಗಳಷ್ಟೇ ಕಂದಿದ್ದವು: ಇಳಿಬಿಸಿಲು ಪರದೆಯ ಕೆಳಗಿನಿಂದ ಓರೆಯಾಗಿ ನುಗ್ಗಿ, ಕಪ್ಪು ಚೀಲವನ್ನು ಕಾಯಿಸುತ್ತಿತ್ತು. ಎಲೆಗೆ ನೆರಳು ಕೊಟ್ಟು ಬೇರನ್ನು ಬಿಸಿಲಿಗೆ ಬಿಟ್ಟಿದ್ದೆ. ಪಶ್ಚಿಮಕ್ಕೆ ಪರದೆಯನ್ನು ಇಳಿಬಿಟ್ಟು, ಚೀಲಗಳನ್ನು ಒತ್ತಾಗಿ ಜೋಡಿಸಿ, ಸುತ್ತಲೂ ಒದ್ದೆ ಗೋಣಿಯನ್ನು ಸುತ್ತಿದ ನಂತರ ನಾಲ್ಕರಲ್ಲಿ ಮೂರು ಚೇತರಿಸಿಕೊಂಡವು.

ಮರದಡಿಯ ನಾಲ್ಕೂ ಸಸಿಗಳು ಮೊದಲ ವಾರದಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದವು, ಏಕೆಂದರೆ ಮರವು ಬಿಸಿಲನ್ನು ತಡೆಯುವುದಷ್ಟೇ ಅಲ್ಲದೆ ತನ್ನ ಎಲೆಗಳಿಂದ ನೀರನ್ನು ಆವಿಯಾಗಿಸಿ ಸುತ್ತಲಿನ ಗಾಳಿಯನ್ನೂ ತಂಪಾಗಿಸುತ್ತದೆ. ಎರಡನೆಯ ವಾರದಲ್ಲಿ ಮಾತ್ರ ಹೊಸ ಚಿಗುರುಗಳು ಬೆಳಕು ಸಾಲದೆ ಉದ್ದವಾಗಿ, ಬಡಕಲಾಗಿ ಬೆಳೆದವು.

ಹೀಗಾಗಿ ಮೊದಲ ವಾರಕ್ಕೆ ಮರದ ನೆರಳನ್ನೂ ಅನಂತರಕ್ಕೆ ಪರದೆಯನ್ನೂ ಆರಿಸುತ್ತೇನೆ; ಒಂದೇ ಸಾಧ್ಯವೆಂದರೆ, ಪಶ್ಚಿಮದ ಮರೆಯಿರುವ ಪರದೆಯೇ ಮೇಲು. ಯಾವುದಾದರೂ ಸರಿ, ಮಧ್ಯಾಹ್ನ ಬಾಡಿದ ಎಲೆಯನ್ನು ಕಂಡೊಡನೆ ನೀರು ಸುರಿಯಬಾರದು. ಮಣ್ಣಿಗೆ ಬೆರಳು ಇಳಿಸಿ ನೋಡಬೇಕು. ಒಳಗೆ ತೇವವಿದ್ದರೆ ಸಂಜೆಯ ಹೊತ್ತಿಗೆ ಎಲೆ ತಾನಾಗಿಯೇ ನೆಟ್ಟಗಾಗುತ್ತದೆ, ಅದರ ಮೇಲೂ ನೀರೆರೆದರೆ ಬೇರಿಗೆ ಉಸಿರುಕಟ್ಟಿ ಕೊಳೆಯುತ್ತದೆ. ನೆಲಕ್ಕೆ ನೆಡುವುದು ಸಂಜೆಯೇ ಆಗಲಿ; ಬುಡದ ಸುತ್ತ 5 ಸೆಂಟಿಮೀಟರ್ ದಪ್ಪ ಒಣ ಎಲೆಗಳನ್ನು ಹರಡುವಾಗ ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳಿನಷ್ಟು ಜಾಗ ಬಿಡಬೇಕು.